ಬಚ್ಚಿಟ್ಟ ಆಯಿಲ್ ಸೀಲ್

ಪ್ರೀತಿಗೆ ಬಿದ್ದ ಮೆಕ್ಯಾನಿಕ್ ಕೈಗೆ ಗಾಡಿ ಕೊಡಬಾರದು. ಅದು ಬೇಗ ರಿಪೇರಿ ಆಗುವುದಿಲ್ಲ.

ಬೆಳಗೋಡಿನ ಧರ್ಮನ ಶೆಡ್ಡಿಗೆ ನಯನಾ ಮೊದಲ ಸಲ ಬಂದದ್ದು ಪಿಕಪ್‌ನಲ್ಲಿ, ಹಿಂದೆ ಹಗ್ಗ ಬಿಗಿದ ಹಳೇ ಯಮಹಾ ಆರ್‌ಡಿ ಬೈಕಿನ ಜೊತೆ. ಎಪ್ಪತ್ತರ ದಶಕದ ಜಪಾನ್ ಗಾಡಿ, ಎರಡು ಸಿಲಿಂಡರಿನ ಟೂ ಸ್ಟ್ರೋಕ್. ತಮ್ಮೂರು ಮಗ್ಗೆಯಲ್ಲಿ ಅವಳಪ್ಪ ಲಕ್ಕಪ್ಪ ಅದನ್ನು ಕಾಫಿ ಸ್ಟೋರಿನ ಮೂಲೆಯಲ್ಲಿ ಗೋಣಿಚೀಲ ಹೊದಿಸಿ ಇಟ್ಟಿದ್ದರು.

"ಅಪ್ಪಂಗೆ ಕಿವಿ ಮಂದ ಆಗ್ತಾ ಐತೆ. ಪೂರ್ತಿ ಹೋಗೋಕ್ ಮುಂಚೆ ಇದರ ಸದ್ದು ಒಂದ್ಸಲ ಕೇಳ್ಬೇಕಂತೆ," ಎಂದಳು. "ಮದುವೆಯಾದ ಹೊಸದರಲ್ಲಿ ಅಮ್ಮನ್ನ ಕೂರಿಸ್ಕೊಂಡು ಇದರಲ್ಲೇ ದೋಣಿಗಲ್ ಘಾಟಿ ಇಳಿದಿದ್ರಂತೆ. ಅಮ್ಮ ಹೋದ್ಮೇಲೆ ಮುಟ್ಟೇ ಇಲ್ಲ."

"ಕೇಳಿಸ್ತೀನಿ ಬಿಡಿ," ಎಂದ ಧರ್ಮ. ಆಗ ತನ್ನ ಕಣ್ಣು ಬೈಕಿನ ಮೇಲೇ ಇತ್ತು ಎಂದು ಅವನು ಇವತ್ತಿಗೂ ಹೇಳಿಕೊಳ್ಳುತ್ತಾನೆ. ಸುಳ್ಳು.

ಕೆಲಸ ನೋಡುವ ನೆಪದಲ್ಲಿ ಅವಳು ಭಾನುವಾರ ಭಾನುವಾರ ಬಸ್ಸು ಹತ್ತಿ ಬರತೊಡಗಿದಳು. ಬೋರಲು ಹಾಕಿದ ಬಕೆಟ್ ಮೇಲೆ ಕೂತು ಪಿಸ್ಟನ್ ಒರೆಸುವಳು. ಕೇಳಿದ ಸ್ಪ್ಯಾನರ್ ಬಿಟ್ಟು ಬೇರೆಯದನ್ನು ಕೊಡುವಳು.

"ನಾನು ಕೇಳಿದ್ದು ಹನ್ನೆರಡು."

"ಗೊತ್ತು. ತಲೆ ಎತ್ತಿ ನೋಡ್ಲಿ ಅಂತ ಹತ್ತು ಕೊಟ್ಟೆ."

ಅವನು ನಾಚಿ ಮತ್ತೆ ಇಂಜಿನ್ನಿಗೆ ಬಗ್ಗಿದರೆ ಅವಳು ತುಟಿ ಕಚ್ಚಿ ನಗು ತಡೆಯುವಳು. ಒಂದು ಭಾನುವಾರ ಅವನ ಕೆನ್ನೆಗೆ ಮೆತ್ತಿದ ಗ್ರೀಸನ್ನು ವೇಲಿನ ತುದಿಯಿಂದ ಒರೆಸಿದಳು. ಅಂದಿನಿಂದ ಮಾತಿನಲ್ಲಿ 'ರೀ' ಹೋಗಿ 'ಕಣೋ' ಬಂತು. ಧರ್ಮ ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ.

ಕೊನೆಗೆ ಬಾಕಿ ಉಳಿದದ್ದು ಕ್ರ್ಯಾಂಕಿನ ಆಯಿಲ್ ಸೀಲ್ ಮಾತ್ರ. ರಬ್ಬರಿನ ಉಂಗುರಗಳು ಅಷ್ಟೆ, ಆದರೆ ಅವಿಲ್ಲದೆ ಇಂಜಿನ್ ಮುಚ್ಚುವಂತಿಲ್ಲ. ಜಪಾನಿನಿಂದ ತರಿಸಬೇಕಿತ್ತು. ಬೇಸಿಗೆಯ ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಹೂಬಿಟ್ಟು ಬೆಳ್ಳಗಾದ ವಾರ ಅವು ಬಂದವು. ಧರ್ಮ ಅವನ್ನು ಹಳೇ ಡಬ್ಬಿಯೊಂದರಲ್ಲಿ ಹಾಕಿ ಅಟ್ಟದ ಮೇಲಿಟ್ಟ. ಗಾಡಿ ಮುಗಿದರೆ ಇವಳು ಯಾಕೆ ಬಸ್ಸು ಹತ್ತುತ್ತಾಳೆ ಎಂಬ ಹೆದರಿಕೆ ಅವನಿಗೆ.

"ಬಂತೇನೋ ಸೀಲು?"

"ಇನ್ನೂ ದಾರೀಲೈತೆ ಕಣೆ."

"ಬೇಗ ತರಿಸೋ. ಅಪ್ಪ ದಿನಾ ಕೇಳ್ತಾರೆ."

ವಯಸ್ಸಾದವರ ಕಿವಿ, ಹೋದರೂ ನಿಧಾನಕ್ಕೆ ಹೋಗುತ್ತದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮಳೆಗಾಲ ಹಿಡಿಯಿತು. ಒಂದು ಭಾನುವಾರ ಅವಳು ಬಂದವಳು ಬಕೆಟ್ ಮೇಲೆ ಕೂರಲಿಲ್ಲ.

"ಅಪ್ಪ ಈಗ ನನ್ನ ತುಟಿ ನೋಡಿ ಮಾತು ತಿಳ್ಕೊಳ್ತಾ ಅವ್ರೆ," ಎಂದಳು.

ಅವಳ ಬಸ್ಸು ಹೊರಟಿತೋ ಇಲ್ಲವೋ, ಧರ್ಮ ಅಟ್ಟದಿಂದ ಡಬ್ಬಿ ಕೆಳಗಿಳಿಸಿದ.

ಮರುವಾರ ಬೈಕನ್ನು ತಾನೇ ಓಡಿಸಿಕೊಂಡು ಮಗ್ಗೆಗೆ ಹೋಗಿ, ಆಫ್ ಮಾಡದೆ ಅಂಗಳದಲ್ಲಿ ನಿಲ್ಲಿಸಿದ. ಟಿಣ್ ಟಿಣ್ ಟಿಣ್ ಎಂದು ಇಂಜಿನ್ ಹಾಡುತ್ತಿತ್ತು. ಜಗಲಿಯಲ್ಲಿದ್ದ ಲಕ್ಕಪ್ಪ ಮುಖವರಳಿಸಿ ಇಳಿದು ಬಂದರು.

"ಯಾಕೋ ಸುಮ್ನೆ ನಿಂತೆ ಮಾರಾಯ? ಕಿಕ್ ಹೊಡಿ."

ನಯನಾ ಅಪ್ಪನ ಅಂಗೈ ಹಿಡಿದು ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟಳು. ಟ್ಯಾಂಕು ನಡುಗುತ್ತಿತ್ತು. ಅವರ ಮುಖದ ನಗು ಮೆಲ್ಲಗೆ ಇಳಿಯಿತು. ಆದರೂ ಕೈ ತೆಗೆಯಲಿಲ್ಲ.

"ಸದ್ದು ಹೆಂಗೈತಪ್ಪ? ಮೊದ್ಲಿನಂಗೇ ಐತಾ?" ಎಂದು ಲಕ್ಕಪ್ಪ ಧರ್ಮನನ್ನು ಕೇಳಿದರು.

ಧರ್ಮ ಹೌದೆಂದು ತಲೆಯಾಡಿಸಿದ. ಇನ್ನು ತಡೆಯಲಾಗಲಿಲ್ಲ. "ಸೀಲು ಹೂಮಳೇಲೇ ಬಂದಿತ್ತು ನಯನಾ. ನೀನು ಬರೋದು ನಿಂತೋಗುತ್ತೆ ಅಂತ ಬಚ್ಚಿಟ್ಟಿದ್ದೆ."

ಅವಳು ಅಪ್ಪನ ಕೈ ಬಿಟ್ಟು ಅವನ ಕಡೆ ತಿರುಗಿದಳು.

"ಗಾಡಿ ಮುಗಿದ ದಿನ ಅಪ್ಪನ ಹತ್ರ ನಿನ್ನ ವಿಷಯ ಎತ್ತಬೇಕು ಅಂತಿದ್ದೆ," ಎಂದಳು. "ಆ ಸದ್ದು ಕೇಳಿದ ಖುಷೀಲಿ ಇಲ್ಲ ಅನ್ನಲ್ಲ ಅಂತ. ಅದಕ್ಕೇ ಕಣೋ, ಬೇಗ ಬೇಗ ಅಂತ ಬಡ್ಕೊಂಡಿದ್ದು."

"ನಯನಾ..."

"ಹೋಗಿ."

ಹಗೆಯವರಿಗೂ ಹೋಗಿ ಬನ್ನಿ ಎನ್ನುವ ಊರು ಅದು. ಅವಳು ಬನ್ನಿ ಎನ್ನಲಿಲ್ಲ.

ಧರ್ಮ ಬಸ್ ಸ್ಟ್ಯಾಂಡಿನ ಕಡೆ ನಡೆದ. ಲಕ್ಕಪ್ಪ ಇಂಜಿನ್ ಆಫ್ ಮಾಡಲು ಬಿಟ್ಟಿರಲಿಲ್ಲ. ರಸ್ತೆ ತಿರುಗುವವರೆಗೂ ಅದರ ಸದ್ದು ಬೆನ್ನ ಹಿಂದೆಯೇ ಬಂತು, ಒಂದು ಚೂರೂ ಕುಂದಿಲ್ಲದೆ, ಅವನ ಕಿವಿಗೆ.