ಎಡಗೈಯ ಓರೆ

೧೯೬೩ರ ಮಾತು. ಶಿವಮೊಗ್ಗದಲ್ಲಿ ನನ್ನದೊಂದು ರೇಡಿಯೊ ರಿಪೇರಿ ಅಂಗಡಿ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿಗೆ ಬಾಳಿಕೆ ಬರುವ ತುದಿ ಹುಡುಕಿ ಹುಡುಕಿ ಸಾಕಾಗಿತ್ತು. ತಾಮ್ರದ ತುದಿ ಬೆಸುಗೆಗೆ ಸವೆಯುತ್ತದೆ, ದಿನಾ ಅರದಿಂದ ಉಜ್ಜಬೇಕು, ಎರಡು ತಿಂಗಳಿಗೆ ಮೋಟಾಗುತ್ತದೆ.

ಭದ್ರಾವತಿಯ ನ್ಯೂ ಟೌನಿನಲ್ಲಿ ಚನ್ನವೀರಪ್ಪ ಎಂಬ ಹಳೆಯ ರಿಪೇರಿಯವರು ತೀರಿಕೊಂಡಾಗ, ಬಾಳಿಕೆಗೆ ಹೆಸರಾಗಿದ್ದ ಅವರ ಐರನ್ ಕೇಳಿಕೊಂಡು ಹೋದೆ. ಹೆಂಡತಿ ದಾಕ್ಷಾಯಣಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

"ತುದಿ ಮಾತ್ರ ನೀವು ಉಜ್ಜೋಕೆ ಹೋಗ್ಬೇಡಿ. ಬೇರೆಯವ್ರು ಕೈ ಹಾಕಿದ್ರೆ ನಮ್ಮ ಯಜಮಾನ್ರಿಗೆ ಆಗಲ್ಲ," ಎಂದರು.

ದುಃಖದಲ್ಲಿ ಇರುವವರ ಮಾತು ಎಂದುಕೊಂಡು ಐರನ್ ಚೀಲಕ್ಕೆ ಹಾಕಿಕೊಂಡೆ.

ಮಾರನೆಯ ಬೆಳಿಗ್ಗೆ ಅಂಗಡಿಯ ಬೀಗ ತೆಗೆದಾಗ ತುದಿ ಹೊಳೆಯುತ್ತಿತ್ತು. ಮೇಜಿನ ಮೇಲೆ ಚಿಟಿಕೆಯಷ್ಟು ತಾಮ್ರದ ಪುಡಿ. ಪ್ಲಗ್ ಕಿತ್ತಿಟ್ಟಿದ್ದರೂ ಹಿಡಿ ಬೆಚ್ಚಗಿತ್ತು, ಯಾರೋ ಈಗತಾನೆ ಕೈಬಿಟ್ಟ ಹಾಗೆ. ರಿಪೇರಿಯವರು ತುದಿಯ ಓರೆಯನ್ನು ಅವರವರ ಕೈಗೆ ತಕ್ಕಂತೆ ಉಜ್ಜಿಕೊಳ್ಳುತ್ತಾರೆ. ಇದು ಎಡಗೈಯ ಓರೆ. ನಾನು ಬಲಗೈಯವನು; ಚನ್ನವೀರಪ್ಪನವರು ಎಡಚರಾಗಿದ್ದರು.

ಒಂದು ದಿನ ಹಟ ಹಿಡಿದು ನನ್ನ ಓರೆಗೆ ಉಜ್ಜಿಟ್ಟೆ. ಬೆಳಿಗ್ಗೆ ನೋಡಿದರೆ ಮತ್ತೆ ಎಡಗೈಯ ಓರೆಯೇ. ನನ್ನ ಅರ ಎರಡು ತುಂಡಾಗಿ ಬಿದ್ದಿತ್ತು.

ಆಮೇಲೆ ಜಗಳಾಡುವ ಶಕ್ತಿ ಉಳಿಯಲಿಲ್ಲ. ಎಡಗೈಯಲ್ಲಿ ಬೆಸುಗೆ ಹಾಕುವುದನ್ನು ಕಲಿತೆ. ದಿನಾ ಬೆಳಿಗ್ಗೆ ಆ ಪುಡಿಯನ್ನು ನಶ್ಯದ ಡಬ್ಬಿಗೆ ಬಳಿದು ಹಾಕುತ್ತೇನೆ. ನಾಲ್ಕು ವರ್ಷಕ್ಕೆ ಹನ್ನೊಂದು ಡಬ್ಬಿ ತುಂಬಿವೆ. ಅಷ್ಟು ತಾಮ್ರದಲ್ಲಿ ಅಂಥ ಹತ್ತು ತುದಿ ಎರಕ ಹೊಯ್ಯಬಹುದು.

ತುದಿ ಮಾತ್ರ ನಾನು ತಂದ ದಿನ ಎಷ್ಟುದ್ದ ಇತ್ತೋ ಇವತ್ತಿಗೂ ಅಷ್ಟೇ ಇದೆ.