ಮುದ್ದಕ್ಕನ ಹಾಡು ಮುಗಿದ ಮೇಲೆ

ತಿಪಟೂರಿನಲ್ಲಿ ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋ ನಡೆಸುವ ವನಜಾಳಿಗೆ ನಡೆದದ್ದು ಇದು. ಹಂದನಕೆರೆ ಕಡೆಯ ಮುದ್ದಕ್ಕ ಸಾಯುವ ಮುಂಚೆ ಅಲ್ಲಿ ಒಂದು ಹಾಡು ಹಾಡಿ ಹೋಗಿದ್ದಳು. ಹೊಸ ಸಾಫ್ಟ್‌ವೇರ್ ಹಾಕಿಸಿದ ಮೇಲೆ ವನಜಾ ಹಳೆಯ ಫೈಲುಗಳನ್ನೆಲ್ಲ ಅದಕ್ಕೆ ವರ್ಗಾಯಿಸಬೇಕಾಯಿತು. ಮುದ್ದಕ್ಕನ ಫೈಲಿನ ಸರದಿ ಬಂದ ಮಧ್ಯಾಹ್ನವೇ ಅವಳ ಮಗ ಚಿತ್ತಣ್ಣ ಬಾಗಿಲಿಗೆ ಬಂದು ನಿಂತ.

“ಅವ್ವನ ಹಾಡು ಅಳಿಸ್ಬುಡಮ್ಮ. ನಮ್ಮ ಹಟ್ಟೀಲಿ ಅದನ್ನ ಗಂಡಸ್ರೇ ಹಾಡ್ಬೇಕು.”

“ಹಾಡಿದ್ದು ನಿಮ್ಮವ್ವ. ನಾನಂತೂ ಅಳಿಸಲ್ಲ ಕಣಣ್ಣ,” ಎಂದು ವನಜಾ ಅವನೆದುರೇ ಫೈಲನ್ನು ಹೊಸ ಸಾಫ್ಟ್‌ವೇರಿನಲ್ಲಿ ತೆರೆದಳು.

ಹಾಡು ಮುಗಿಯಿತು, ಫೈಲು ಮುಗಿಯಲಿಲ್ಲ. ಸ್ಪೀಕರಿನಿಂದ ಯಾರೋ ಉಸಿರೆಳೆದುಕೊಳ್ಳುವ ಸದ್ದು ಬರತೊಡಗಿತು. ಸುಡುಬಿಸಿಲಿನ ಹೊತ್ತಿನಲ್ಲೂ ಕೋಣೆ ತಣ್ಣಗಾಯಿತು. ಮುದ್ದಕ್ಕ ಜಗಿಯುತ್ತಿದ್ದ ಎಲೆಅಡಿಕೆಯ ವಾಸನೆ ಹಬ್ಬಿತು. ವನಜಾ ಸ್ಟಾಪ್ ಒತ್ತಿದಳು. ಪರದೆಯ ಮೇಲೆ ಓಡುತ್ತಿದ್ದ ಗೆರೆ ನಿಂತಿತು, ಉಸಿರು ಮಾತ್ರ ನಿಲ್ಲಲಿಲ್ಲ.

“ಕರೆಂಟ್ ತೆಗಿಯಮ್ಮ!” ಎಂದು ಚಿತ್ತಣ್ಣ ಕೂಗಿದ.

ವನಜಾ ಹಟ ಬಿಡದೆ ದನಿ ಏರಿಸಿದಳು. “ಹೇಳು ಮುದ್ದಕ್ಕ, ಏನು ಹೇಳ್ಬೇಕೋ ಹೇಳು. ಯಾರು ಬಂದ್ರೂ ನಾನು ಅಳಿಸಲ್ಲ!”

“ಧನ್ವಿತಾ, ನೀನೂ ಹಾಡು ಕಣವ್ವ. ಯಾರ್ಗೂ ಅಂಜ್‌ಬ್ಯಾಡ,” ಎಂದಿತು ಮುದ್ದಕ್ಕನದೇ ದನಿ.

ಚಿತ್ತಣ್ಣ ಗೋಡೆಗೊರಗಿ ಕುಸಿದ. “ನನ್ನ ಮೊಮ್ಮಗ್ಳಿಗೆ ಮೊನ್ನೆ ತಾನೇ ಇಟ್ಟ ಹೆಸ್ರು ಅದು. ಅವ್ವ ತೀರ್ಕೊಂಡು ಮೂರು ವರ್ಸ ಆಯ್ತಲ್ಲಮ್ಮ!”

ವನಜಾ ಫೈಲನ್ನು ಹಾಗೆಯೇ ಸೇವ್ ಮಾಡಿದಳು. ಹಳೆಯ ಸಾಫ್ಟ್‌ವೇರಿನಲ್ಲಿ ಆ ಹಾಡು ಇವತ್ತಿಗೂ ಮೊದಲು ಮುಗಿಯುತ್ತಿದ್ದ ಕಡೆಯೇ ಮುಗಿಯುತ್ತದೆ. ಹೊಸದರಲ್ಲಿ ಮಾತ್ರ ಮುದ್ದಕ್ಕ ಇನ್ನೂ ಮಾತಾಡುತ್ತಾಳೆ.