ಆರನೆಯ ಟ್ಯೂಲಿಪ್

1969ರ ಮೇ 3, ಬೆಳಿಗ್ಗೆ 8.10. ಓರೆನ್‌ಬರ್ಗ್ ಬಯಲಿನ ಪುಟ್ಟ ಠಾಣೆಗೆ ಸ್ಮಾರಕದ ಕಾವಲುಗಾರ ತಿಖೋನ್ ಏದುಸಿರು ಬಿಡುತ್ತ ಬಂದ.

"ಹೂವು ಕಳವಾಗಿದೆ, ಕಾಮ್ರೇಡ್ ಕ್ಯಾಪ್ಟನ್."

"ಎಷ್ಟು?" ಕ್ಯಾಪ್ಟನ್ ಬಲಾಂದಿನ್ ಕೇಳಿದ.

"ಒಂದು. ದಿನಾ ಒಂದೇ. ಸಂಜೆ ಆರು ಟ್ಯೂಲಿಪ್ ಇಡ್ತೀನಿ, ಬೆಳಿಗ್ಗೆ ನೋಡಿದ್ರೆ ಐದು."

ಸಾರ್ಜೆಂಟ್ ಸೆಯಿತೊವ್ ಕಿಸಕ್ಕನೆ ನಕ್ಕ. "ಮೇಕೆ ಮೇಲೆ ಎಫ್‌ಐಆರ್ ಹಾಕೋಣ್ವಾ?"

"ಮೇಕೆ ಒಂದಕ್ಕೇ ಬಿಡುತ್ತೇನೋ, ಮಹರಾಯ! ನಾಳಿದ್ದು ವರ್ಷದ ದಿನ. ಮಾಸ್ಕೋದವ್ರು ಬಂದು ಐದು ನೋಡಿದ್ರೆ ನನ್ನ ಗತಿ?"

ಬಲಾಂದಿನ್ ನಗಲಿಲ್ಲ. ಸತ್ತವರಿಗೆ ಸಮಸಂಖ್ಯೆಯ ಹೂವು, ಬದುಕಿರುವವರಿಗೆ ಬೆಸ. ಆ ಸೀಮೆಯಲ್ಲಿ ಇದನ್ನು ತಪ್ಪಿಯೂ ಯಾರೂ ಅದಲುಬದಲು ಮಾಡುವುದಿಲ್ಲ. ಹಿಂದಿನ ವರ್ಷ ಗಗನಯಾತ್ರಿ ಗ್ಲೆಬ್ ತುಮಾನೊವ್‌ನ ನೌಕೆ, ಪ್ಯಾರಾಚೂಟ್ ಬಿಚ್ಚಿಕೊಳ್ಳದೆ, ಆ ಬಯಲಿಗೆ ಅಪ್ಪಳಿಸಿ ಉರಿದಿತ್ತು; ಸ್ಮಾರಕ ಅವನದೇ. ಮೊದಲು ತಲುಪಿದವನು ಬಲಾಂದಿನ್. ಕಂಡದ್ದನ್ನು ಬಾಯಿ ಬಿಡಕೂಡದೆಂದು ಸಹಿ ಹಾಕಿಸಿಕೊಂಡಿದ್ದರು. ಬಾಯಿ ಮುಚ್ಚಿದ್ದ, ಸರಿ. ಕಣ್ಣು ಮುಚ್ಚಿದರೆ ಮಾತ್ರ ಇನ್ನೂ ಅದೇ ಹೊಗೆ.

9.30ಕ್ಕೆ ಸ್ಥಳ ಪಂಚನಾಮೆ. ಹಸಿ ಮಣ್ಣಿನಲ್ಲಿ ರಬ್ಬರ್ ಬೂಟಿನ ಗುರುತು. ಎಡಗಾಲು ಎಳೆದು ನಡೆದದ್ದು.

"ಯಾರಯ್ಯಾ ಹೀಗೆ ನಡೆಯೋರು?"

"ಆಸ್ಪತ್ರೆ ನರ್ಸ್ ಅಗ್ರಫೇನ ಪಾವ್ಲೊವ್ನ..." ಸೆಯಿತೊವ್ ಉಳಿದ ಮಾತು ನುಂಗಿದ. ಅವನ ಹೆಂಡತಿಯ ಹೆರಿಗೆ ಮಾಡಿಸಿದ್ದು ಅವಳೇ.

ಮೇ 4, ಮುಂಜಾನೆ 5.40. ಲಾರಿಯ ಮರೆಯಲ್ಲಿ ಕಾದವರ ಕಣ್ಣೆದುರೇ ಅವಳು ಬಂದು, ಒಂದು ಹೂವು ತೆಗೆದಳು. ಹಿಡಿದಾಗ ಓಡಲಿಲ್ಲ. ದಸ್ತಗಿರಿ 5.45.

ಠಾಣೆಯಲ್ಲಿ ಹೂವು ಮೇಜಿನ ಮೇಲಿತ್ತು.

"ಸ್ಮಾರಕಕ್ಕೆ ಅವಮಾನ ಅಂತ ಕೇಸಾದ್ರೆ ಜೈಲು. ಗೊತ್ತೇನಮ್ಮಾ?" ಬಲಾಂದಿನ್ ಕೇಳಿದ.

"ಗೊತ್ತು."

"ಮತ್ಯಾಕೆ?"

"ಅವತ್ತು ನೌಕೆ ಬಿದ್ದಾಗ ವಿಮಾನದಿಂದ ಹಸಿರು ಬೆಳಕಿನ ಬಾಣ ಬಿಟ್ಟಿದ್ರು. 'ಗಗನಯಾತ್ರಿಗೆ ವೈದ್ಯರು ಬೇಕು' ಅಂತ ಅದರರ್ಥ. ನಮ್ ಗಾಡಿ ಹಳ್ಳದ ಕೆಸರಲ್ಲಿ ಹೂತ್ಕೊಂಡ್ತು. ಇಳಿದು ನಡೀಬೇಕಿತ್ತು ನಾನು. ಗಾಡಿ ಎತ್ತೋಕೆ ನಿಂತೆ. ನಲವತ್ತು ನಿಮಿಷ." ಅವಳು ಮೇಜಿನ ಮೇಲಿನ ಹೂವಿನ ಕಡೆ ಕೈ ತೋರಿಸಿದಳು. "ಒಂದು ಹೂವು ತೆಗೆದ್ರೆ ಬೆಸ ಆಗುತ್ತೆ. ಆ ಹೊತ್ತಿಗಾದ್ರೂ ಅವನಿನ್ನೂ ಬದುಕಿದಾನೆ, ನಾನಿನ್ನೂ ದಾರೀಲಿದೀನಿ."

ಬಲಾಂದಿನ್ ಎದ್ದ. ಅಂದು ಕಂಡದ್ದನ್ನು ಹೇಳಿದರೆ ತನ್ನ ನೌಕರಿ ಹೋದೀತು, ಬಹುಶಃ ಅದಕ್ಕಿಂತ ಹೆಚ್ಚು. ಬಾಗಿಲು ಹಾಕಿ ಬಂದ.

"ಸೆಯಿತೊವ್, ಪೆನ್ನು ಕೆಳಗಿಡು. ಅಮ್ಮಾ, ಬಾಣದ ಬಣ್ಣಗಳ ಪಟ್ಟಿ ನಿಮ್ಗೂ ಕೊಟ್ಟಿದ್ರಲ್ಲ. ಸತ್ತೋರಿಗೆ ಯಾವ ಬಣ್ಣ?"

ಅವಳು ಬೆರಳು ಮಡಚುತ್ತ ನೆನಪಿಸಿಕೊಂಡಳು. ಕೊನೆಯ ಬೆರಳು ಮಡಚಲಿಲ್ಲ.

"ಇರ್ಲಿಲ್ಲ."

"ಹ್ಞೂಂ. ಬರೆದೋರಿಗೆ ಅದು ಮನಸ್ಸಿಗೇ ಬಂದಿರ್ಲಿಲ್ಲ. ಇದ್ದ ಬಣ್ಣಗಳಲ್ಲೇ ಪೈಲಟ್ ಹಸಿರನ್ನ ಬಿಟ್ಟ. ಬಾಣ ಹಾರೋವಾಗ ನಾನಲ್ಲೇ ನಿಂತಿದ್ದೆ ತಾಯಿ. ವೈದ್ಯರು ನೋಡೋಂಥದ್ದು ಏನೂ ಉಳಿದಿರ್ಲಿಲ್ಲ. ನೀವು ಹಾರ್ಕೊಂಡು ಬಂದಿದ್ರೂ ಅಷ್ಟೇ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಸೆಯಿತೊವ್ ಕಿಟಕಿಯ ಕಡೆ ತಿರುಗಿ ನಿಂತ. ತುಂಬ ಹೊತ್ತಾದ ಮೇಲೆ ಅವಳು ಮೂಗೊರೆಸಿಕೊಂಡು, ಮೇಜಿನ ಮೇಲಿನ ಹೂವನ್ನು ಬಲಾಂದಿನ್‌ನ ಕಡೆಗೆ ಸರಿಸಿದಳು.

"ಹಾಗಾದ್ರೆ ಆರೇ ಇರ್ಲಿ. ಇದನ್ನ ವಾಪಸ್ ಇಟ್ಬಿಡಿ."

7.20ಕ್ಕೆ ವರದಿ ಮುಗಿಯಿತು. 'ವಶಪಡಿಸಿಕೊಂಡ ವಸ್ತು: ಇಲ್ಲ. ಕೃತ್ಯದ ಕಾರಣ: ಆರೋಪಿತೆಗೆ ದಾರಿಯಲ್ಲಿ ತಡವಾಯಿತು.' ಸೆಯಿತೊವ್ ಅದನ್ನು ಓದಿ ಸಹಿ ಹಾಕಿದ. ಬಲಾಂದಿನ್ ಹೂವನ್ನು ಟೋಪಿಯೊಳಗಿಟ್ಟುಕೊಂಡು ಬಯಲಿನ ಕಡೆ ನಡೆದ.